ತಾಳ ನುಂಗಿದ ಆಂಪ್ಲಿಫೈಯರ್

ಹೊಟ್ಟೆಕಿಚ್ಚಿಗೆ ಯಾರಾದರೂ ಆಂಪ್ಲಿಫೈಯರ್ ಕೊಳ್ಳುತ್ತಾರೆಯೇ? ನಾನು ಕೊಂಡಿದ್ದೇನೆ.

ನಾನು ಬೈಲಹೊಂಗಲದಲ್ಲಿ ಹೈಸ್ಕೂಲು ಮಾಸ್ತರ. ನನ್ನ ಗೆಳೆಯ ಕಿತ್ತೂರಿನಲ್ಲಿ ಹೆದ್ದಾರಿಯ ಪಕ್ಕ ಪಂಕ್ಚರ್ ಅಂಗಡಿ ಇಟ್ಟಿದ್ದಾನೆ. ಹರೆಯದಲ್ಲಿ ಇಬ್ಬರೂ ಹೂಲಿಯ ಗುರುಗಳೊಬ್ಬರ ಹತ್ತಿರ ಭಜನೆ ಪದ ಕಲಿತೆವು. ಅವರನ್ನು ಅಜ್ಜಾರು ಎಂದೇ ಕರೆಯುತ್ತಿದ್ದೆವು. ಅವರು ಹಾಡಿದರೆ ನನ್ನದು ಹಾರ್ಮೋನಿಯಂ, ನಮ್ಮ ಕಡೆ ಅದಕ್ಕೆ ಪೇಟಿ ಅನ್ನುವುದು, ಗೆಳೆಯನದು ತಾಳ. ಒಮ್ಮೆ ನಮ್ಮ ಹಾಡನ್ನು ಕ್ಯಾಸೆಟ್ಟಿಗೆ ತುಂಬಿಸಿಕೊಂಡೆವು. ಟೇಪು ನಿಲ್ಲಿಸಿದ ಮೇಲೆ ಅಜ್ಜಾರು ಎಲ್ಲರ ಮುಂದೆ ನನಗೆ ಹೇಳಿದರು: "ನಿನ್ನ ಕೈ ಚಲೋ ಐತಿ. ಆದ್ರ ಕಿವಿ ಅಂದ್ರ ಅವಂದ ನೋಡು."

ಮೂವತ್ತು ವರ್ಷವಾಯಿತು, ಆ ಮಾತು ನನಗೆ ಇನ್ನೂ ಅರಗಿಲ್ಲ. ನೂರಾರು ಪದ ನುಡಿಸುವವನು ನಾನು. ಎರಡು ಹಿತ್ತಾಳೆ ಬಿಲ್ಲೆ ತಟ್ಟುವವನಿಗೆ ಕಿವಿಯಂತೆ!

ನನಗೂ ಕಿವಿಯಿದೆ ಎಂದು ಅಜ್ಜಾರ ಬಾಯಿಂದ ಹೇಳಿಸಬೇಕಿತ್ತು. ಅದಕ್ಕೇ ಈ ಹೈ-ಫೈ ಹುಚ್ಚು ಹಚ್ಚಿಕೊಂಡದ್ದು. ಹೋದ ವರ್ಷ ಧಾರವಾಡದ ಡಾಕ್ಟರೊಬ್ಬರಿಂದ ಒಂದು ಜೋಡಿ ಹಳೆಯ ಸ್ಪೀಕರ್ ತಂದೆ. ಮೊಣಕಾಲೆತ್ತರದ ಮರದ ಪೆಟ್ಟಿಗೆಗಳು. ದನಿ ಬೆಚ್ಚಗೆ, ಮೆತ್ತಗೆ, ಅಂಚು ಎಲ್ಲೂ ಚುಚ್ಚುವುದಿಲ್ಲ. ಅವಕ್ಕೆ ಹೊಂದುವ ಆಂಪ್ಲಿಫೈಯರ್ ಆರಿಸಲು ಸ್ಪೀಕರುಗಳನ್ನು ಹೇರಿಕೊಂಡೇ ಹುಬ್ಬಳ್ಳಿಯ ಅಂಗಡಿಗೆ ಹೋದೆ. ಪೆನ್‌ಡ್ರೈವಿನಲ್ಲಿ ಇದ್ದದ್ದು ಒಂದೇ ಹಾಡು, ಆ ಕ್ಯಾಸೆಟ್ಟಿನಿಂದ ಇಳಿಸಿಕೊಂಡದ್ದು.

ಅಂಗಡಿಯವನು ಮೊದಲು ಒಂದು ಕರಿ ಡಬ್ಬಿ ಜೋಡಿಸಿದ. ಟಿಣ್ ಟಿಣ್ ಎಂದು ತಾಳ ಎದ್ದು ಬಂತು. ನನಗೆ ಮೈಯೆಲ್ಲ ಉರಿಯಿತು. ನನ್ನ ಸ್ಪೀಕರಿನೊಳಗೂ ಬಂದು ಕೂತನಲ್ಲ ಇವನು! ಎರಡನೆಯದು ವಾಲ್ವಿನದು, ಮೇಲೆ ಗಾಜಿನ ಬುರುಡೆಗಳು ಕೆಂಪಗೆ ಹೊಳೆಯುವಂಥದ್ದು. ಅದರಲ್ಲಿ ನನ್ನ ಪೇಟಿ ಹೋಳಿಗೆ ಮೇಲಿನ ತುಪ್ಪದಂತೆ ಹರಡಿಕೊಂಡಿತು. ತಾಳ ಮಾತ್ರ ಆಚೆಮನೆಯಲ್ಲಿ ಯಾರೋ ಬಟ್ಟಲು ಇಟ್ಟಷ್ಟೇ ಕೇಳಿತು.

"ಇದನ್ನ ಕೊಡ್ರಿ," ಅಂದೆ.

"ಬ್ಯಾಡ್ರಿ ಸರ್," ಅಂದ ಅಂಗಡಿಯವನು. "ನಿಮ್ಮ ಸ್ಪೀಕರ್ ಮೊದಲ ಮೆತ್ತಗ ಅದಾವು. ಮೆತ್ತಂದಕ್ಕ ಮೆತ್ತಂದ ಕೂಡಿಸಿದ್ರ ಮುದ್ದಿ ಆಗತೈತಿ. ಎಣ್ಣಿಗಾಯಿಗೆ ಖಡಕ್ ರೊಟ್ಟಿನ ಬೇಕಲ್ರಿ? ಇದಕ್ಕ ಆ ಕರೀದ ಒಯ್ರಿ."

"ನಾ ಸಂಗೀತ ಬಲ್ಲಾಂವ ಅದೀನ್ರಿ," ಎಂದೆ. ಅವನು ವಾಲ್ವಿನ ಡಬ್ಬಿಯನ್ನೇ ಕಟ್ಟಿಕೊಟ್ಟ.

ಒಂದು ರವಿವಾರ ಅಜ್ಜಾರನ್ನು ಊಟಕ್ಕೆ ಕರೆದೆ. ಗೆಳೆಯನನ್ನೂ ಕರೆದೆ, ಅವನು ನೋಡದಿದ್ದರೆ ಇಷ್ಟೆಲ್ಲ ಮಾಡಿ ಏನು ಸುಖ? ಹೆಂಡತಿ ಗೋದಿ-ಬೆಲ್ಲದ ಮಾದೇಲಿ ಮಾಡಿದ್ದಳು. ಉಂಡ ಮೇಲೆ ಹಾಡು ಹಚ್ಚಿದೆ. ಅಜ್ಜಾರು ಕಣ್ಣು ಮುಚ್ಚಿ ತಮ್ಮದೇ ದನಿ ಕೇಳಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಮುಗಿದ ಮೇಲೆ ಕೇಳಿದರು:

"ಪೇಟಿ ಭಾಳ ಕೇಳಿಸ್ತು. ತಾಳ ಎಲ್ಲಿ ಹೋತೋ?"

ಗೆಳೆಯನೇ ಮಾತಾಡಿದ. "ಹಳೇ ಕ್ಯಾಸೆಟ್ ಅಲ್ರಿ ಅಜ್ಜಾರ. ಅವತ್ತ ನಾನೂ ಮೆಲ್ಲಕ ಬಾರಿಸಿದ್ನಿ."

ಶುದ್ಧ ಸುಳ್ಳು. ಅವನು ಮೆಲ್ಲಗೆ ಬಾರಿಸಿದ್ದನ್ನು ನಾನು ಜನ್ಮದಲ್ಲಿ ಕಂಡಿಲ್ಲ. ನನ್ನ ಮಾನ ಉಳಿಸಲು ಹೇಳಿದ್ದ. ದೊಡ್ಡಸ್ತಿಕೆಯಲ್ಲೂ ಇವನೇ ಮುಂದೆ ಇರಬೇಕೇ ಎಂದು ನನ್ನ ಹೊಟ್ಟೆ ಇನ್ನಷ್ಟು ಉರಿಯಿತು. ಅಜ್ಜಾರು "ಹೌದೇನು" ಎಂದು ಮಜ್ಜಿಗೆ ಕೇಳಿದರು.

ಆಮೇಲೆ ಆ ವಾಲ್ವಿನ ಡಬ್ಬಿ ಹಚ್ಚಿದಾಗಲೆಲ್ಲ "ತಾಳ ಎಲ್ಲಿ ಹೋತೋ" ಎಂಬುದೊಂದೇ ಕೇಳಿಸತೊಡಗಿತು. ಎರಡು ವಾರ ತಡೆದುಕೊಂಡು ಹುಬ್ಬಳ್ಳಿಗೆ ಹೋಗಿ ಕರಿಯದಕ್ಕೆ ಬದಲಿಸಿಕೊಂಡು ಬಂದೆ. ಅಂಗಡಿಯವನು ನಗಲಿಲ್ಲ, ಪುಣ್ಯಾತ್ಮ.

ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ಹಾಡು ಹಚ್ಚಿ ಕುಳಿತೆ. ಬೆಚ್ಚಗಿನ ದನಿ ಬೆಚ್ಚಗೇ ಇತ್ತು; ಅದರೊಳಗಿಂದ ಅಜ್ಜಾರು ಉಸಿರು ಎಳೆದುಕೊಳ್ಳುವುದು ಕೇಳಿತು, ತಾಳ ಕೇಳಿತು. ಮೂರನೆಯ ನುಡಿಗೆ, ಅಂದರೆ ಮೂರನೆಯ ಚರಣಕ್ಕೆ, ಬಂದಾಗ ಪೇಟಿ ಓಡಿತು. ಅಜ್ಜಾರ ದನಿ ಇನ್ನೂ ಹಿಂದಿದೆ, ನನ್ನ ಬೆರಳು ಅರ್ಧ ಮಾತ್ರೆ ಮುಂದೆ ಹೋಗಿಬಿಟ್ಟಿದೆ. ಟೇಪು ಜಗ್ಗಿರಬೇಕು ಅಂದುಕೊಂಡೆ. ಕುಣಿಯಲಾರದವಳಿಗೆ ನೆಲ ಡೊಂಕು. ನಾಲ್ಕೈದು ಸಲ ಹಿಂದಕ್ಕೆ ತಂದು ಕೇಳಿದೆ, ಓಡಿದವನು ನಾನೇ.

ತಾಳ ಒಂದು ಪೆಟ್ಟು ತಡೆಯಿತು. ಮರುಕ್ಷಣ ನನ್ನ ಬೆನ್ನು ಹತ್ತಿ ಓಡಿ ಬಂತು, ಅಜ್ಜಾರ ದನಿಯನ್ನೂ ಕರೆದುಕೊಂಡು ಬಂತು. ಸಾಲು ಮುಗಿಯುವಷ್ಟರಲ್ಲಿ ಮೂವರೂ ಕೂಡಿದ್ದೆವು. ನಾನು ತಪ್ಪಿದ್ದು ನನಗೇ ತಿಳಿಯದಂತೆ ಅವನು ಮುಚ್ಚಿದ್ದ. ಅಜ್ಜಾರಿಗೆ ತಿಳಿದಿತ್ತು. ಅದಾದ ಮೇಲೆಯೇ ಅವರು ಆ ಕಿವಿಯ ಮಾತು ಆಡಿದ್ದು.

ಗೆಳೆಯನಿಗೆ ಫೋನು ಹಚ್ಚಿದೆ. ಹಿಂದೆ ಲಾರಿಗಳ ಸದ್ದು.

"ಮೂರನೇ ನುಡಿಯಾಗ ನಾ ಓಡೇನಲ್ಲೋ."

"ಹೂಂ, ಓಡೀದಿ."

"ಇಷ್ಟ ವರ್ಷದಾಗ ಒಮ್ಮೆರ ಹೇಳಬಾರದೇನ?"

"ಹೇಳೂದೇನೈತಿ ಅದರಾಗ? ನಿನ್ನ ಜೋಡಿ ನಾನೂ ಓಡಿದ್ನಲ್ಲ."

ಹೊಟ್ಟೆಕಿಚ್ಚು ಅಲ್ಲಿಗೆ ಆರಿತು ಎಂದು ಬರೆದರೆ ಸುಳ್ಳಾಗುತ್ತದೆ. ಇಂಥ ಮಾತೂ ಅವನಿಗೇ ಹೊಳೆಯಬೇಕೇ? ಫೋನು ಇಟ್ಟು ಮೂರನೆಯ ನುಡಿಯನ್ನು ಮತ್ತೆ ಹಚ್ಚಿದೆ. ಈ ಸಲ ಪೇಟಿಯನ್ನು ಬಿಟ್ಟು ತಾಳವನ್ನೇ ಕೇಳುತ್ತ ಕುಳಿತೆ.