ಪೈಪಮ್ಮ ಹಾಸಿಗೆಯ ಮೇಲೆ ಕೂತ ವಾರ

ನಮ್ಮ ಲೆರಾಬೆಂಗ್‌ನಲ್ಲಿ ನನ್ನ ವಾರಗಿತ್ತಿ ದಿಬುಸೆಂಗ್‌ಳನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ವಾರ್ಡಿನ ಸಭೆಗೆ ಅವಳು ಕಾಲಿಟ್ಟರೆ ಸಾಕು, ಹಿಂದಿನ ಬೆಂಚಿನ ಗಂಡಸರು, "ಬಂದ್ಲಪ್ಪಾ ಪೈಪಮ್ಮ! ಎಲ್ರೂ ಮೂಗು ಮುಚ್ಕೊಳ್ಳಿ" ಅನ್ನುತ್ತಿದ್ದರು. ಅವಳು ಅದಕ್ಕೆಲ್ಲ ಸೊಪ್ಪು ಹಾಕುವವಳಲ್ಲ. ಸಭೆಯಲ್ಲಿ ಒಬ್ಬರು ಲೈಬ್ರರಿ ಕೇಳುವರು, ಇನ್ನೊಬ್ಬರು ಫುಟ್‌ಬಾಲ್ ಮೈದಾನಕ್ಕೆ ದೀಪ ಕೇಳುವರು. ಒಬ್ಬ ಮಹಾನುಭಾವ ಈಜುಕೊಳ ಬೇಕು ಅಂದಿದ್ದ, ಅದೂ ನಲ್ಲಿಯಲ್ಲಿ ದಿನ ಬಿಟ್ಟು ದಿನ ನೀರು ಬರುವ ಊರಿನಲ್ಲಿ! ಎಲ್ಲರ ಪುರಾಣ ಮುಗಿದ ಮೇಲೆ ದಿಬುಸೆಂಗ್ ಎದ್ದು ನಿಂತು, "ಒಳಚರಂಡಿ ಪೈಪು. ಮೊದ್ಲು ಅದು, ಮಿಕ್ಕಿದ್ದು ಆಮೇಲೆ" ಎಂದಷ್ಟೇ ಹೇಳಿ ಕೂತುಬಿಡುತ್ತಿದ್ದಳು. ಪ್ರತಿ ವರ್ಷವೂ ಅದೇ ಮಾತು.

ನಮ್ಮ ಕೇರಿಯಲ್ಲಿ ಇವತ್ತಿಗೂ ಬಕೆಟ್ ಕಕ್ಕಸು. ಹಿತ್ತಲಲ್ಲಿ ಒಂದು ತಗಡಿನ ಗೂಡು, ಅದರೊಳಗೊಂದು ಕಪ್ಪು ಬಕೆಟ್ಟು. ಮಂಗಳವಾರ ಬೆಳಗಿನ ಜಾವ ಮುನಿಸಿಪಾಲಿಟಿಯ ಲಾರಿ ಬರುತ್ತದೆ, ಆಳುಗಳು ತುಂಬಿದ್ದನ್ನು ಎತ್ತಿ ಖಾಲಿಯದನ್ನು ಇಟ್ಟು ಹೋಗುತ್ತಾರೆ. ದಿಬುಸೆಂಗ್‌ಳ ಗಂಡ, ಅಂದರೆ ನನ್ನ ಭಾವ ಮೊಲೆಫಿ, ಆ ಲಾರಿಯ ಆಳು. ಅವನಿಗಿಂತ ಮುಂಚೆ ನಮ್ಮ ಮಾವನವರೂ ಅದೇ ಲಾರಿಯಲ್ಲಿ ಸವೆದವರು. ನಮ್ಮ ಮುನಿಸಿಪಾಲಿಟಿಯ ಪದ್ಧತಿಯೇ ಹಾಗೆ. ಲಾರಿಯ ಆಳು ಸತ್ತರೆ ಅವನ ಜಾಗ ಅವನ ಮನೆಯವರಿಗೇ ಸೇರಬೇಕು. ಕೆಲಸವೇ ಇಲ್ಲದ ಊರಿನಲ್ಲಿ ಅದನ್ನು ದೊಡ್ಡ ಉಪಕಾರವೆಂದು ಜನ ಹೊಗಳುತ್ತಾರೆ. ನನ್ನ ಗಂಡ ಎರಡನೆಯ ಮಗನಾಗಿ ಹುಟ್ಟಿ ಬಚಾವಾದ.

ದಿಬುಸೆಂಗ್‌ಗೆ ಒಬ್ಬನೇ ಮಗ, ತ್ಸೆಲಿಸೊ. ಹನ್ನೆರಡನೆಯ ತರಗತಿ ಮುಗಿಸಿ, ವೈರಿಂಗ್ ಕೆಲಸ ಕಲಿಯಬೇಕೆಂದು ಕಾಲೇಜಿಗೆ ಅರ್ಜಿ ಹಾಕಿ ಕಾಯುತ್ತಿದ್ದ. ಒಮ್ಮೆ ಬಟ್ಟೆ ಒಗೆಯುವಾಗ ನಾನೇ ಕೇಳಿದೆ, "ಅಲ್ಲ ಆವುಸಿ, ಊರಿಗೆಲ್ಲ ಇಲ್ಲದ ಪೈಪಿನ ಚಿಂತೆ ನಿನಗ್ಯಾಕೆ? ವಾಸನೆ ನಿನ್ನೊಬ್ಳ ಮೂಗಿಗೇ ಬಡಿಯುತ್ತಾ?" ಆವುಸಿ ಅಂದರೆ ನಮ್ಮಲ್ಲಿ ಅಕ್ಕ. ಅವಳು ಬಟ್ಟೆ ಹಿಂಡುತ್ತಲೇ ಹೇಳಿದಳು: "ವಾಸನೆ ಮನೆ ಹಾಳಾಯ್ತು. ಪೈಪು ಬಂದ್ರೆ ಲಾರಿ ನಿಲ್ಲುತ್ತೆ. ಲಾರಿ ನಿಂತ್ರೆ ಆ ಜಾಗಾನೇ ಇರಲ್ಲ. ಇಲ್ಲದೇ ಇರೋ ಜಾಗಾನ ನನ್ನ ಮಗನಿಗೆ ಹೆಂಗೆ ಕೊಡ್ತಾರೆ, ನೋಡ್ತೀನಿ!"

ಅವಳ ಲೆಕ್ಕ ಅಷ್ಟೇ. ಊರು ಉದ್ಧಾರ ಮಾಡುವ ಹುಚ್ಚು ಅವಳಿಗಿರಲಿಲ್ಲ. ಮಗನ ಭುಜದ ಮೇಲೆ ಬಕೆಟ್ಟು ಕೂರಬಾರದು, ಅದೊಂದೇ ಅವಳ ಹಟ.

ಆ ವರ್ಷ ಹೊಸ ಐದು ವರ್ಷದ ಯೋಜನೆ ಬರೆಯುವ ಸರದಿ ಬಂತು. ನಮ್ಮ ಮುನಿಸಿಪಾಲಿಟಿಯ ಕೈಯಲ್ಲಿ ಕಾಸಿಲ್ಲ. ಸರ್ಕಾರ ಕೊಡುವ ಅನುದಾನವನ್ನು ಹಂಚಿದರೆ ವಾರ್ಡಿಗೆ ಒಂದು ದೊಡ್ಡ ಕೆಲಸ, ಅಷ್ಟೇ. ಜನ ಸಭೆ ಸೇರಿ ಕೈಯೆತ್ತಿ ಯಾವುದನ್ನು ಮೊದಲು ಅನ್ನುತ್ತಾರೋ ಅದಕ್ಕೆ ಹಣ. ಎರಡನೆಯದಕ್ಕೆ ಇನ್ನೈದು ವರ್ಷ ಬಾಯಿ ಬಿಟ್ಟುಕೊಂಡು ಕಾಯಬೇಕು. ಹಿಂದಿನ ಸಲ ಜನ ಸಮುದಾಯ ಭವನ ಕೇಳಿದ್ದರು, ಬಂತು, ಅದರ ಕಿಟಕಿಗಳನ್ನು ಯಾರೋ ಕಿತ್ತುಕೊಂಡೂ ಹೋದರು. ಈ ಸಲ ದಿಬುಸೆಂಗ್ ಮೈಮರೆಯಲಿಲ್ಲ. ಚಳಿಗಾಲವಿಡೀ ಮನೆಮನೆ ಹತ್ತಿಳಿದಳು, ಚಹಾ ಕುಡಿದಳು, ಬೈಸಿಕೊಂಡಳು. ಹಿಂದಿನ ಬೆಂಚಿನ ಗಂಡಸರೇ ಕೊನೆಗೆ, "ಆಯ್ತು ತಾಯಿ, ಕೈ ಎತ್ತುತೀವಿ, ನಮ್ಮನ್ನ ಬಿಟ್ಬಿಡು" ಅಂದರು. ಬುಧವಾರ ಸಂಜೆ ಆರಕ್ಕೆ ಸಭೆ ಗೊತ್ತಾಯಿತು. ಗೆದ್ದೆವೆಂದೇ ನಾನೂ ಅಂದುಕೊಂಡಿದ್ದೆ.

ಅದರ ಹಿಂದಿನ ಭಾನುವಾರ ಮೊಲೆಫಿ ಸತ್ತ. ಚರ್ಚಿನಿಂದ ಬಂದು, ಬೂಟು ಬಿಚ್ಚಲು ಬಗ್ಗಿದವನು ಮತ್ತೆ ಏಳಲಿಲ್ಲ. ಕ್ಲಿನಿಕ್ಕಿನವರು ಎದೆ ನಿಂತಿದೆ ಎಂದರು.

ದಿಬುಸೆಂಗ್ ಅಳಲಿಲ್ಲ. ಮಲಗುವ ಕೋಣೆಯ ಮಂಚ, ಬೀರು ಎಲ್ಲ ಹೊರಗೆ ಸಾಗಿಸಿ, ಕನ್ನಡಿಗೆ ಬಟ್ಟೆ ಮುಚ್ಚಿ, ನೆಲದ ಮೇಲೆ ಹಾಸಿಗೆ ಹಾಸಿ, ಪಕ್ಕದಲ್ಲಿ ಸಾವಿನ ಮೇಣದ ಬತ್ತಿ ಹಚ್ಚಿಟ್ಟು, ಕಂಬಳಿ ಹೊದಿಸಿ ಅವಳನ್ನು ಕೂರಿಸಿದೆವು. ಮಣ್ಣಾಗುವ ತನಕ ವಿಧವೆ ಆ ಹಾಸಿಗೆ ಬಿಟ್ಟು ಏಳುವಂತಿಲ್ಲ, ದನಿ ಎತ್ತುವಂತಿಲ್ಲ. ಮೊಲೆಫಿಯ ಅಕ್ಕ ಬಂದು ಬಾಗಿಲ ಬಳಿ ಕಾವಲಿಗೆ ಕೂತಳು. ತ್ಸೆಲಿಸೊನ ಸೋದರತ್ತೆಯಾದ್ದರಿಂದ ಅವಳನ್ನು ಎಲ್ಲರೂ ರಾಖಾದಿ ಎಂದೇ ಕರೆಯುವುದು. ನಾನು ಹಾಸಿಗೆಯ ಪಕ್ಕದಲ್ಲಿ ಕೂತೆ. ಸಮಾಧಾನ ಹೇಳಲು ಬಂದವರಿಗೆಲ್ಲ ದಿಬುಸೆಂಗ್ "ಹೂಂ" ಅನ್ನುತ್ತಿದ್ದಳು. ಊಟ ಮಾಡು ಅಂದರೆ ಮಾಡುತ್ತಿದ್ದಳು. ಸಾಕಾ ಅಂದರೂ ಹೂಂ, ಇನ್ನೊಂಚೂರು ಹಾಕಲಾ ಅಂದರೂ ಹೂಂ. ನನಗೆ ಹೆದರಿಕೆಯಾಯಿತು.

ಮಂಗಳವಾರ ಲಾರಿಯ ಮೇಸ್ತ್ರಿ ಬಂದ. ಟೋಪಿ ಕಂಕುಳಲ್ಲಿ ಇಟ್ಟುಕೊಂಡು ಬಾಗಿಲಲ್ಲೇ ಮಂಡಿಯೂರಿ, "ಮ್ಮೆ, ಮೊಲೆಫಿ ಚಿನ್ನದಂಥ ಮನುಷ್ಯ. ಹುಡುಗನ ಚಿಂತೆ ಬಿಡಿ. ಅಪ್ಪನ ಜಾಗ ಅವನಿಗೇ ಇದೆ, ಬೇರೆಯವರನ್ನ ತುರುಕೋಕೆ ನಾನು ಬಿಡಲ್ಲ" ಅಂದ. ಮನಸ್ಸಿನಿಂದಲೇ ಅಂದ, ಅವನ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ. ರಾಖಾದಿಯ ಕಣ್ಣಲ್ಲಿ ನೀರು ಬಂತು, "ದೇವರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ ನ್ತಾತೆ" ಎಂದಳು. ನಮ್ಮಲ್ಲಿ ದೊಡ್ಡ ಹೆಂಗಸರಿಗೆ ಮ್ಮೆ, ಗಂಡಸರಿಗೆ ನ್ತಾತೆ ಅನ್ನುವುದು ಮರ್ಯಾದೆ.

ದಿಬುಸೆಂಗ್ ಕಂಬಳಿಯ ಅಂಚನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದಳು. "ಹೂಂ" ಅಂದಳು.

ಬುಧವಾರ ಸಂಜೆ ಸಭೆಯ ಹೊತ್ತಿಗೆ ಭವನದಲ್ಲಿ ನರಪಿಳ್ಳೆಯೂ ಇರಲಿಲ್ಲ. ಹೇಗಿರುತ್ತದೆ? ಕೇರಿಯಲ್ಲಿ ಸಾವಾದರೆ ಸಂಜೆ ಆರಕ್ಕೆ ಸತ್ತವರ ಮನೆಯಲ್ಲಿ ಪ್ರಾರ್ಥನೆ. ಅದನ್ನು ಬಿಟ್ಟು ಸಭೆಗೆ ಹೋದವನ ಮನೆಯ ಸಾವಿಗೆ ನಾಳೆ ಯಾರು ಬರುತ್ತಾರೆ? ಎಲ್ಲರೂ ದಿಬುಸೆಂಗ್‌ಳ ಅಂಗಳದ ಶಾಮಿಯಾನದ ಕೆಳಗೆ ಹಾಡುತ್ತಿದ್ದರು. ನಮ್ಮ ಕೌನ್ಸಿಲರ್ ಲೆಬೋನಾ, ಯೋಜನಾ ಕಚೇರಿಯ ಹುಡುಗಿಯನ್ನು ಕರೆದುಕೊಂಡು ಖಾಲಿ ಭವನ ನೋಡಿ, ನೇರ ಇಲ್ಲಿಗೇ ಬಂದ. ಅಂದೇ ಕೊನೆಯ ದಿನ. ಜನ ಸೇರದಿದ್ದರೆ ವಾರ್ಡಿನ ಪಾಲು ಬೇರೆ ಕಡೆ ಹೋಗುತ್ತದಂತೆ. ಪ್ರಾರ್ಥನೆ ಮುಗಿಯುವವರೆಗೆ ತಲೆ ಬಗ್ಗಿಸಿ ನಿಂತಿದ್ದು, ಆಮೆನ್ ಆಗುತ್ತಲೇ ಗಂಟಲು ಸರಿಮಾಡಿಕೊಂಡ. "ನನ್ನ ಜನರೇ, ಕ್ಷಮಿಸಿ. ಹೆಂಗೂ ಎಲ್ರೂ ಇಲ್ಲೇ ಇದೀರಿ. ಚಹಾ ಬರೋದ್ರೊಳಗೆ ಒಂದು ಕೆಲಸ ಮುಗಿಸಿಬಿಡೋಣ."

ಕಿಟಕಿ ತೆರೆದಿತ್ತು, ಒಳಗೆ ಕೂತ ನಮಗೆ ಎಲ್ಲ ಕೇಳಿಸುತ್ತಿತ್ತು. ನಾನು ದಿಬುಸೆಂಗ್‌ಳ ಮೊಣಕೈ ಹಿಂಡಿ, "ಆವುಸಿ, ನಿನ್ನ ಪೈಪು!" ಎಂದು ಪಿಸುಗುಟ್ಟಿದೆ. ಅವಳು ಮೇಣದ ಬತ್ತಿ ನೋಡುತ್ತಿದ್ದಳು.

ಹೊರಗೆ ಅಂತ್ಯಕ್ರಿಯೆ ಸಂಘದ ಯಜಮಾನ ಕೋಲಿಸಾಂಗ್ ಎದ್ದ. ಒಳ್ಳೆಯ ಮುದುಕ, ಯಾರ ಮನೆಯಲ್ಲಿ ಸಾವಾದರೂ ಮೊದಲು ಗುದ್ದಲಿ ಹಿಡಿಯುವವನು. "ಹೋದ ಶನಿವಾರ ಮಳೇಲಿ ಏನಾಯ್ತು, ಎಲ್ರೂ ನೋಡಿದೀರಿ. ಸ್ಮಶಾನದ ದಾರೀಲಿ ಶವದ ವ್ಯಾನು ಹೂತುಹೋಯ್ತು. ಪೆಟ್ಟಿಗೆ ಜಾರಿ ಕೆಸರಿಗೆ ಬಿತ್ತು. ನಾಚಿಕೆಯಾಗ್ಲಿಲ್ವಾ ನಮಗೆ? ಈಗ ಮೊಲೆಫಿ ಸರದಿ. ಜೀವಮಾನವೆಲ್ಲ ನಮ್ಮದನ್ನ ಹೊತ್ತ ಮನುಷ್ಯ. ಅವನು ಹೋಗೋ ದಾರಿಯಾದ್ರೂ ಚೊಕ್ಕವಾಗಿ ಇರ್ಬೇಕಾ ಬೇಡ್ವಾ? ನಾನು ಸ್ಮಶಾನದ ರಸ್ತೆ ಅಂತೀನಿ. ಮೊಲೆಫಿಗೋಸ್ಕರ."

"ಮೊಲೆಫಿಗೋಸ್ಕರ!" ಎಂದು ಯಾರೋ ಅಂದರು. ಹೆಂಗಸರು ಅಳತೊಡಗಿದರು.

ನನಗೆ ಮೈಯೆಲ್ಲ ಉರಿದುಹೋಯಿತು. ಇವರ ಬುದ್ಧಿಗೆ ಮಣ್ಣು ಬೀಳ! ಹಣ ಬರುವುದು ಬರುವ ಜುಲೈಗೆ, ಶವ ಹೋಗುವುದು ಈ ಶನಿವಾರ. ರಾಖಾದಿ ಶಾಲು ಹಿಡಿದೆಳೆದರೂ ಬಿಡಿಸಿಕೊಂಡು ಹೊರಗೆ ಹೋದೆ. "ನ್ತಾತೆ ಕೋಲಿಸಾಂಗ್, ಶನಿವಾರದೊಳಗೆ ಡಾಂಬರು ಹಾಕ್ತೀರಾ? ಪೈಪಿಗೆ ಕೈ ಎತ್ತುತೀವಿ ಅಂತ ಮಾತು ಕೊಟ್ಟಿದ್ದು ಯಾರು, ನಿಮ್ಮಜ್ಜನಾ? ಕಕ್ಕಸಿನ..."

ಅಷ್ಟೇ ಆಗಿದ್ದು. ಇಡೀ ಶಾಮಿಯಾನ "ಶ್ಶ್!" ಎಂದಿತು. ಒಬ್ಬ ಮುದುಕಿ ಎದ್ದು ನನ್ನ ಬಾಯಿಗೇ ಕೈ ಅಡ್ಡ ಹಿಡಿದಳು. "ಒಳಗೆ ಮೇಣದ ಬತ್ತಿ ಉರೀತಿದೆ ಕಣೇ. ಸಾವಿನ ಮನೇಲಿ ಹೊಲಸಿನ ಮಾತಾಡ್ತಾರಾ? ನಿಮ್ಮಮ್ಮ ಇದನ್ನೇ ಕಲಿಸಿದ್ದಾ?" ಜನರೆಲ್ಲ ನೆಲ ನೋಡುತ್ತಿದ್ದರು. ಚಳಿಗಾಲವಿಡೀ ದಿಬುಸೆಂಗ್‌ಗೆ ಚಹಾ ಕೊಟ್ಟು ಆಣೆಯಿಟ್ಟವರು, ಆ ಒಂದು ಮಾತನ್ನು ಆ ಅಂಗಳದಲ್ಲಿ ಆಡಲು ಒಬ್ಬರೂ ತಯಾರಿರಲಿಲ್ಲ. ಅವರನ್ನು ಬೈದು ಪ್ರಯೋಜನವಿಲ್ಲ. ಬೇರೆಯವರ ಮನೆಯಾಗಿದ್ದರೆ ನಾನೂ ಶ್ಶ್ ಅನ್ನುತ್ತಿದ್ದೆ.

ಲೆಬೋನಾ ಪೆದ್ದನಲ್ಲ. ಅವನಿಗೂ ಇರುಸುಮುರುಸಾಯಿತು. "ಮನೆಯವಳನ್ನೇ ಕೇಳೋಣ" ಎಂದು ಕೋಣೆಯ ಬಾಗಿಲಿಗೆ ಬಂದು ಕುಕ್ಕರಗಾಲಲ್ಲಿ ಕೂತ. ನಾನು ಓಡಿಬಂದು ದಿಬುಸೆಂಗ್‌ಳ ಪಕ್ಕ ಕೂತೆ. ಅವನು ಮೆಲ್ಲಗೆ ಕೇಳಿದ: "ಮ್ಮೆ, ಜನ ಸ್ಮಶಾನದ ರಸ್ತೆ ಅಂತಿದಾರೆ. ನೀವು ಪ್ರತಿ ವರ್ಷ ಬೇರೆ ಹೇಳ್ತಿದ್ರಿ. ಈಗಲೂ ಅದೇ ಅಂದ್ರೆ ನಾನು ಹೊರಗೆ ಹೋಗಿ ಹೇಳ್ತೀನಿ, ನಿಮ್ಮ ಮಾತು ಯಾರೂ ತೆಗೆದುಹಾಕಲ್ಲ. ಏನು ಮಾಡ್ಲಿ, ಹೇಳಿ."

ಒಂದು ಮಾತು ಸಾಕಿತ್ತು. ಅವಳ ತೊಡೆಯನ್ನು ನಾನು ಜೋರಾಗಿಯೇ ಚಿವುಟಿದೆ.

ದಿಬುಸೆಂಗ್ ಮೇಣದ ಬತ್ತಿಯಿಂದ ಕಣ್ಣು ತೆಗೆದು ಅವನನ್ನು ನೋಡಿದಳು. ಆಮೇಲೆ, "ಜನ ಹೇಳಿದ ಹಾಗೇ ಆಗ್ಲಿ ನ್ತಾತೆ" ಎಂದಳು.

ಎಲ್ಲ ಕೈಗಳೂ ಎದ್ದವು. ಯೋಜನಾ ಕಚೇರಿಯ ಹುಡುಗಿ ಬರೆದುಕೊಂಡಳು. ಆಮೇಲೆ ಚಹಾ, ಶುಂಠಿ ಪಾನಕ, ಬಿಸ್ಕತ್ತು ಹಂಚಿದರು. ನೆರೆಯವರು ಒಬ್ಬೊಬ್ಬರಾಗಿ ಕೋಣೆಗೆ ಬಂದು ಅವಳ ಕೈ ಹಿಡಿದು, "ನಿಮ್ಮ ಮನೆಯವರ ಮರ್ಯಾದೆ ಉಳಿಸಿದೀವಿ ಮ್ಮೆ, ಒಂದೇ ಒಂದು ಕೈ ಕೆಳಗಿರ್ಲಿಲ್ಲ" ಎಂದು ಹೇಳಿ ಹೋದರು. ಅವಳು ಎಲ್ಲರಿಗೂ ಹೂಂ ಅಂದಳು.

ಎಲ್ಲರೂ ಹೋದ ಮೇಲೆ ನಾನು ತಡೆಯಲಾರದೆ ಕೇಳಿದೆ: "ಯಾಕೆ ಆವುಸಿ? ಬಾಯಿಗೇನು ಬೀಗ ಬಿದ್ದಿತ್ತಾ?"

"ಪೈಪು ಅನ್ನೋದು ನೆನಪಿತ್ತು ಕಣೇ. ಅದು ಯಾಕೆ ಬೇಕಿತ್ತು ಅಂತ ಎಷ್ಟು ಯೋಚಿಸಿದ್ರೂ ನೆನಪಾಗ್ಲಿಲ್ಲ" ಎಂದಳು. ಸುಳ್ಳು ಹೇಳುತ್ತಿರಲಿಲ್ಲ. ಅವಳ ಕೈ ಮುಟ್ಟಿದೆ, ತಣ್ಣಗಿತ್ತು.

ಶನಿವಾರ ಚಳಿ ಬಿಟ್ಟು ಬಿಸಿಲು ಕಾಯಿತು. ಶವದ ವ್ಯಾನು ಧೂಳೆಬ್ಬಿಸಿಕೊಂಡು ಸಲೀಸಾಗಿ ಹೋಗಿ ಸ್ಮಶಾನ ಮುಟ್ಟಿತು. ಮಣ್ಣು ಹಾಕಿ ಬಂದು ಗೇಟಿನ ಬಳಿ ಕೈ ತೊಳೆದೆವು, ಜೋಳದ ನುಚ್ಚು, ದನದ ಮಾಂಸ ಉಂಡೆವು. ದಿಬುಸೆಂಗ್‌ಗೆ ಕಪ್ಪು ಬಟ್ಟೆ ಉಡಿಸಿದೆವು. ಮೊಲೆಫಿಯ ಸಂಬಳ ಆ ತಿಂಗಳಿಗೇ ನಿಂತಿತು. ತ್ಸೆಲಿಸೊನ ಕಾಲೇಜಿನಿಂದ ಸೀಟು ಇದೆ ಎಂದು ಕಾಗದ ಬಂತು, ಫೀಸಿಗೆ ಸಹಾಯ ಇಲ್ಲ ಎಂದೂ ಬಂತು. ಹುಡುಗ ಯಾರನ್ನೂ ಕೇಳಲಿಲ್ಲ. ಒಂದು ದಿನ ಮೇಸ್ತ್ರಿಯ ಕಚೇರಿಗೆ ಹೋಗಿ ಸಹಿ ಹಾಕಿ, ಹೊಸ ಬೂಟು, ಕೈಗವಸು ತಂದು ಒಲೆಯ ಪಕ್ಕ ಇಟ್ಟ. ಅವನಮ್ಮ ಅದನ್ನು ನೋಡಿ, ನೆಲ ಗುಡಿಸುವಾಗ ಸ್ವಲ್ಪ ಆ ಕಡೆ ಸರಿಸಿದಳು.

ಲಾರಿ ಬರುವ ಹೊತ್ತಿಗೆ ನಮ್ಮ ಕೇರಿಯಲ್ಲಿ ಯಾರೂ ಹೊರಗೆ ನಿಲ್ಲುವುದಿಲ್ಲ. ಆಳುಗಳಿಗೂ ಮರ್ಯಾದೆ ಇದೆಯಲ್ಲ, ಎಲ್ಲರೂ ಪರದೆ ಎಳೆದುಕೊಂಡು ಒಳಗಿರುತ್ತಾರೆ. ತ್ಸೆಲಿಸೊನ ಮೊದಲ ಮಂಗಳವಾರ ನಾನು ಮಾತ್ರ ಬೇಲಿ ದಾಟಿ ದಿಬುಸೆಂಗ್‌ಳ ಮನೆಗೆ ಹೋದೆ. ಇವತ್ತಾದರೂ ಅತ್ತುಬಿಡಲಿ, ಇಲ್ಲವಾದರೆ ನಾನೇ ನಾಲ್ಕು ಬೈದು ಅಳಿಸುತ್ತೇನೆ ಎಂದುಕೊಂಡೇ ಹೋದೆ. ಅವಳು ಅಡುಗೆಮನೆಯ ಕಿಟಕಿಯ ಬಳಿ ಕಪ್ಪು ಬಟ್ಟೆಯಲ್ಲಿ ನಿಂತಿದ್ದಳು. ಪರದೆಯನ್ನು ಪೂರ್ತಿ ಸರಿಸಿದ್ದಳು.

ಹಿತ್ತಲಲ್ಲಿ ತ್ಸೆಲಿಸೊ ತಗಡಿನ ಬಾಗಿಲು ತೆರೆದು ಬಗ್ಗಿದ. ತಂದೆಯ ಸಾವಿಗೆ ಬೋಳಿಸಿದ ತಲೆಯಲ್ಲಿ ಇನ್ನೂ ಕೂದಲು ಬಂದಿರಲಿಲ್ಲ. ತನ್ನ ಮನೆಯ ಬಕೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು, ಮಂಡಿ ಬಗ್ಗಿಸಿ, ಉಸಿರು ಬಿಗಿಹಿಡಿದು ಭುಜಕ್ಕೆ ಏರಿಸಿದ. ಒಂದು ಕ್ಷಣ ತೂಗಾಡಿ, ಸರಿಯಾಗಿ ನಿಂತ. ಕಿಟಕಿಯ ಕಡೆ ತಿರುಗದೆ ಗೇಟು ದಾಟಿ ಹೋದ.

"ನೋಡಿದ್ಯಾ?" ಎಂದಳು ದಿಬುಸೆಂಗ್. "ಅವರಪ್ಪನಿಗೆ ಇಷ್ಟು ನಾಜೂಕಾಗಿ ಎತ್ತೋಕೆ ಬರೋದಕ್ಕೆ ಎಷ್ಟು ವರ್ಷ ಹಿಡೀತು. ಇವನು ಮೊದಲನೇ ಸಲಕ್ಕೇ ಒಂದು ಹನಿ ಚೆಲ್ಲಲಿಲ್ಲ."

ಬೈಯಲು ಹೋದವಳು ನಾನೇ ಅತ್ತೆ. ಅವಳು ನನಗೆ ಕುರ್ಚಿ ಎಳೆದುಕೊಟ್ಟು, ಚಹಾಕ್ಕೆ ನೀರಿಟ್ಟಳು.