ಕೆಂಪು ಚುಕ್ಕೆಯ ಪ್ಲಗ್

ಅನ್ನದ ಕುಕ್ಕರಿನ ಪ್ಲಗ್ಗಿನ ಮೇಲೆ ಉದ್ದಿನ ಕಾಳಿನಷ್ಟು ದೊಡ್ಡ ಕೆಂಪು ಚುಕ್ಕೆಯಿತ್ತು. ಉಗುರುಬಣ್ಣದ ಚುಕ್ಕೆ. ಅಂಚು ಸವೆದಿದ್ದರೂ ಗುರುತು ಸಿಕ್ಕಿತು, ಹಚ್ಚಿದವಳು ನಾನೇ.

ಕಳೆದ ತಿಂಗಳು ಅತ್ತೆಯ ಹನ್ನೆರಡನೆಯ ದಿನದ ಕಾರ್ಯಕ್ಕೆ ಕಾರವಾರಕ್ಕೆ ಹೋದಾಗ ಅದನ್ನು ಕಂಡೆ. ಆ ಮನೆಯ ಕಂಪ್ಯೂಟರ್ ಎಂದೋ ಗುಜರಿಗೆ ಹೋಗಿದೆ. ಅದರ ತಂತಿ ಕುಕ್ಕರಿಗೂ ಸರಿಹೋಗುತ್ತದೆಂದು ಅತ್ತೆ ಅಷ್ಟನ್ನು ಮಾತ್ರ ಉಳಿಸಿಕೊಂಡಿದ್ದರು.

ಅತ್ತೆ ಎಂದರೆ ಅಪ್ಪನ ಅಕ್ಕ. ಪದವಿಯ ಕೊನೆಯ ವರ್ಷ ನಾನು ಅಂಕೋಲೆಯ ಹತ್ತಿರದ ನಮ್ಮೂರು ಶೆಟಗೇರಿಯಿಂದ ಬಂದು ಅವರ ಮನೆಯಲ್ಲಿದ್ದೆ. ಅವರ ಒಬ್ಬನೇ ಮಗ, ನನ್ನ ಭಾವ, ಹಡಗಿನ ಕೆಲಸದಲ್ಲಿದ್ದ. ಸೋದರತ್ತೆಯ ಮಗನಿಗೆ ಮಾವನ ಮಗಳನ್ನು ತರುವುದು ನಮ್ಮಲ್ಲಿ ರೂಢಿ; ಅಪ್ಪನಿಗೆ ಆ ಆಸೆಯಿತ್ತು. ನನಗೂ... ಆದರೆ ಅದನ್ನು ನಾನು ಯಾರ ಮುಂದೆಯೂ ಆಡಿರಲಿಲ್ಲ. ಆಡದೆಯೇ ಅತ್ತೆಗೆ ಗೊತ್ತಾಗಿತ್ತು.

ಅತ್ತೆಯ ಮಾತಿಗೆ ಮೊನೆಯಿತ್ತು. ನನ್ನ ಮುಂದೆ ಬಂಗಡೆ ಮೀನಿನ ಸಾರು ಬಡಿಸುತ್ತ, ನೆರೆಮನೆಯವರಿಗೂ ಕೇಳುವಂತೆ, "ಉಣ್ಣು ಉಣ್ಣು. ನಿಮ್ಮಾಯಿ ಮಾಡಿದ ಸಾರಲ್ಲಿ ಬಂಗಡೆ ಹುಡುಕೂಕೆ ಬಲೆ ಹಾಕಬೇಕು" ಅನ್ನುತ್ತಿದ್ದರು. ಅಮ್ಮನನ್ನು ಹಂಗಿಸಿದರೂ ನಾನು ತಲೆ ತಗ್ಗಿಸಿ ಉಣ್ಣುತ್ತಿದ್ದೆ. ಸಾರು ಅಷ್ಟು ಚೆನ್ನಾಗಿರುತ್ತಿತ್ತು.

ನನ್ನ ಕಾಲೇಜಿನ ಪ್ರಾಜೆಕ್ಟಿಗೆ ವಿಂಡೋಸ್ ಬದಲು ಲಿನಕ್ಸ್ ಬೇಕಿತ್ತು. ಮನೆಯಲ್ಲಿದ್ದದ್ದು ಭಾವನ ಕಂಪ್ಯೂಟರ್. ಅದರ ಡಿಸ್ಕನ್ನು ಪೂರ್ತಿ ವಿಂಡೋಸ್ ಹಿಡಿದುಕೊಂಡಿತ್ತು. ಆ ಜಾಗವನ್ನು ಕುಗ್ಗಿಸಿದರೆ ತೆರವಾದ ಭಾಗದಲ್ಲಿ ಲಿನಕ್ಸ್ ಹಾಕಬಹುದಿತ್ತು. ಭಾನುವಾರ ಭಾವ ಫೋನ್ ಮಾಡಿದಾಗ ಕೇಳಿದೆ.

"ಎಂತಾ ಆಗೂದಿಲ್ಲ, ಮಾಡು. ಅರ್ಧ ನಿಂದೇ ಅಂತ ಇಟ್ಕೋ ಮಾರಾಯ್ತಿ" ಎಂದು ನಕ್ಕ. ದೂರದಿಂದ ಮಾತಾಡುವವರು ಕೂಗಿಯೇ ಮಾತಾಡುತ್ತಾರೆ. ಪಕ್ಕದಲ್ಲಿ ನಿಂತಿದ್ದ ಅತ್ತೆಗೂ ಕೇಳಿಸಿತು.

ಫೋನ್ ಇಟ್ಟ ಮೇಲೆ ಅವರೆಂದರು, "ಕಂಪ್ಯೂಟರಲ್ಲಿ ಅರ್ಧ ಆಯ್ತು. ಇನ್ನು ಎಂತದ್ರಲ್ಲಿ ಬೇಕೇ?"

ಜಾಗ ಕುಗ್ಗಿಸುವಾಗ ಫೈಲುಗಳೆಲ್ಲ ಒಂದು ಬದಿಗೆ ಸರಿಯುತ್ತವೆ. ನಡುವೆ ಕರೆಂಟು ಹೋದರೆ ಎಲ್ಲ ಹಾಳು. ನನ್ನ ಪ್ರಾಜೆಕ್ಟನ್ನು ಫ್ಲಾಪಿಗೆ ಹಾಕಿಕೊಂಡೆ. ಭಾವನ ಫೋಟೋಗಳು ಫ್ಲಾಪಿಯಲ್ಲಿ ಹಿಡಿಸುವಂಥವಲ್ಲ, ಸಿ.ಡಿ. ಬರೆಯುವ ಸೌಕರ್ಯ ಮನೆಯಲ್ಲಿರಲಿಲ್ಲ, ಯುಪಿಎಸ್ ಕೂಡ ಇರಲಿಲ್ಲ. ಕರೆಂಟಿಗಿಂತ ನನಗೆ ಗುಡುಗಿನ ಹೆದರಿಕೆ. ಮಳೆಗಾಲಕ್ಕೆ ಮುಂಚಿನ ಗುಡುಗು ಕೇಳಿದರೆ ಸಾಕು, ನಮ್ಮ ಕಡೆ ಮನೆಮನೆಯಲ್ಲೂ ಪ್ಲಗ್ ಕೀಳುತ್ತಾರೆ. ಅದಕ್ಕೇ ಕಂಪ್ಯೂಟರಿನ ಪ್ಲಗ್ಗಿಗೆ ಉಗುರುಬಣ್ಣ ಹಚ್ಚಿ ಅತ್ತೆಯನ್ನು ಕರೆದು ತೋರಿಸಿದೆ.

"ಅತ್ತೇ, ಗುಡುಗಿದ್ರೂ ಈ ಕೆಂಪು ಚುಕ್ಕೆದು ಮಾತ್ರ ತೆಗೀಬೇಡಿ. ಭಾವನ ಫೋಟೋ ಎಲ್ಲ ಹೋಗ್ತದೆ."

"ನಂಗೆ ಕಣ್ಣು ಕಾಣ್ತದೆ ತಂಗೀ."

ಮಧ್ಯಾಹ್ನ ಶುರು ಮಾಡಿದೆ. ಪರದೆಯ ಮೇಲಿನ ನೀಲಿ ಪಟ್ಟಿ ಅರ್ಧ ತುಂಬಿದಾಗ ಸಮುದ್ರದ ಕಡೆ, ಬಹಳ ದೂರದಲ್ಲಿ, ಒಮ್ಮೆ ಗುಡುಗಿತು. ಅತ್ತೆ ಟಿ.ವಿ. ಮುಂದಿನಿಂದ ಎದ್ದು ಬಂದರು. ಬಗ್ಗಿ, ಕೆಂಪು ಚುಕ್ಕೆಯ ಮೇಲೆ ಹೆಬ್ಬೆರಳಿಟ್ಟು ಪ್ಲಗ್ ಎಳೆದರು. ಪರದೆ ಕಪ್ಪಾಯಿತು.

ಅವರ ಮುಖ ನೋಡಿದೆ. "ಗುಡುಗು" ಅಂದರು. ಹೋಗಿ ಮೊದಲಿನ ಜಾಗದಲ್ಲೇ ಕುಳಿತರು. ಟಿ.ವಿ. ನಡೆಯುತ್ತಲೇ ಇತ್ತು. ಧಾರಾವಾಹಿಯಲ್ಲಿ ಯಾರೋ ಅಳುತ್ತಿದ್ದರು; ಅತ್ತೆ ದನಿ ಸ್ವಲ್ಪ ಹೆಚ್ಚಿಸಿದರು.

ಮುಂದಿನ ಭಾನುವಾರ ಫೋನಿನಲ್ಲಿ ಮಗನಿಗೆ ಹೇಳಿದ್ದನ್ನು ನಾನು ಅಡುಗೆಮನೆಯಿಂದ ಕೇಳಿದೆ. "ನಿನ್ನ ಫೋಟೋ ಎಲ್ಲ ಹಾಳು ಮಾಡಿಟ್ಟಳು. ಬೇಡ ಬೇಡ ಅಂದೆ. ಕಲ್ತವರಿಗೆ ಹೇಳೂರು ಯಾರು?" ನನ್ನ ಕೈಗೆ ಫೋನ್ ಬರಲಿಲ್ಲ. ಕೊಡು ಎಂದು ಅವನೂ ಕೇಳಲಿಲ್ಲವೇನೋ...

ನಾನು ಶೆಟಗೇರಿಗೆ ಮರಳಿದೆ. ಅಂಕೋಲೆಯಿಂದ ಕಾರವಾರಕ್ಕೆ ದಿನಾ ಬಸ್ಸಿನಲ್ಲಿ ಓಡಾಡಿ, ಕಾಲೇಜಿನ ಲ್ಯಾಬಿನಲ್ಲೇ ಪ್ರಾಜೆಕ್ಟು ಮುಗಿಸಿದೆ. ಭಾವನಿಗೆ ಮಾಜಾಳಿಯ ಹೆಣ್ಣು ಗೊತ್ತಾಯಿತು. ಮದುವೆಯ ಊಟದಲ್ಲಿ ಅತ್ತೆ ತಾವೇ ಹೋಳಿಗೆ ಹಿಡಿದು ನನ್ನ ಎಲೆಯ ಮುಂದೆ ನಿಂತರು. ಅರ್ಧ ಸಾಕು ಅಂದೆ.

"ಅರ್ಧ ಎಂತಕ್ಕೆ? ಇಡೀ ತಕ್ಕೋ" ಎಂದು ಹಾಕಿದರು. ಮೇಲೆ ತುಪ್ಪವನ್ನೂ.

ಕಾರ್ಯದ ದಿನ ಹೂಹಾರದೊಳಗೆ ಇದ್ದದ್ದು ಮತದಾರರ ಗುರುತಿನ ಚೀಟಿಯಿಂದ ದೊಡ್ಡದು ಮಾಡಿಸಿದ ಅತ್ತೆಯ ಫೋಟೋ. ತುಟಿ ಎಲ್ಲಿ, ಗದ್ದ ಎಲ್ಲಿ ತಿಳಿಯದಂತೆ ಕಲಸಿಹೋಗಿತ್ತು. "ಆಯಿದು ಒಳ್ಳೆ ಫೋಟೋ ಎಲ್ಲ ಆ ಕಂಪ್ಯೂಟರಲ್ಲೇ ಇತ್ತು" ಎಂದ ಭಾವ, ಬಂದವರೆಲ್ಲರ ಎದುರಿಗೆ. "ನೀನು ಆವತ್ತು ಆಯಿ ಮಾತು ಕೇಳಿದ್ರೆ..."

ಎಲ್ಲರೂ ನನ್ನ ಕಡೆ ತಿರುಗಿದರು. ಆವತ್ತು ನಡೆದದ್ದು ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು. ಅತ್ತೆ ಇರುವ ತನಕ, ನನ್ನದು ತಪ್ಪಲ್ಲವೆಂದು ಬಲ್ಲವರು ಈ ಲೋಕದಲ್ಲಿ ಒಬ್ಬರಾದರೂ ಇದ್ದರು. ಈಗ ಅವರೂ ಇಲ್ಲ.

ಮರುದಿನ ಬೆಳಿಗ್ಗೆ ಭಾವನ ಹೆಂಡತಿ ಎಲ್ಲರಿಗೂ ಗಂಜಿಗಿಟ್ಟು ಬಾವಿಕಟ್ಟೆಗೆ ಹೋಗಿದ್ದಳು. ಆಕಾಶ ಶುಭ್ರವಾಗಿತ್ತು. ಕುಕ್ಕರಿನಲ್ಲಿ ಅಕ್ಕಿ ಇನ್ನೂ ಅರಳಿರಲಿಲ್ಲ. ಕೆಂಪು ಚುಕ್ಕೆಯ ಮೇಲೆ ಹೆಬ್ಬೆರಳಿಟ್ಟು ಪ್ಲಗ್ ಎಳೆದೆ. ತಂತಿಯನ್ನು ಸುತ್ತಿ ಚೀಲಕ್ಕೆ ಹಾಕಿಕೊಂಡು ಅಂಕೋಲೆಯ ಬಸ್ಸು ಹತ್ತಿದೆ.