ಕಾಕಾನ ಎಡಗಿವಿ

ಸೈನ್ಯದಲ್ಲಿದ್ದು ಬಂದ ನಮ್ಮ 'ಪಲ್ಟಣ ಕಾಕಾ'ನ ಬಲಕ್ಕೇ ಎಲ್ಲರೂ ಕೂರಬೇಕು. ಎಡಕ್ಕೆ ಕೂತವರ ಮಾತು ಅವನಿಗೆ ಕೇಳುತ್ತಿರಲಿಲ್ಲ. ಬರ್ಮಾದಲ್ಲಿ ತೋಪು ಸಿಡಿದು ಆ ಕಿವಿ ಹೋಯಿತೆಂದು ಮುಳಗುಂದದ ಜನವೆಲ್ಲ ನಂಬಿತ್ತು, ನಾನೂ ನಂಬಿದ್ದೆ. ವಾದದಲ್ಲಿ ಸೋಲುವ ಹೊತ್ತು ಬಂದರೆ ಮಹಾರಾಯ ಮೆಲ್ಲಗೆ ಕತ್ತು ತಿರುಗಿಸಿ ಆ ಕಿವಿಯನ್ನೇ ನಮ್ಮ ಮುಂದೆ ಹಿಡಿಯುತ್ತಿದ್ದ. ಆಮೇಲೆ ಎಷ್ಟು ಬಾಯಿ ಬಡಕೊಂಡರೂ ಅಷ್ಟೇ!

ಅವನು ಅಪ್ಪನ ತಮ್ಮ. ಇಂಗ್ಲಿಷರ ಕಾಲದಲ್ಲಿ ಪಲ್ಟಣಕ್ಕೆ ಸೇರಿ, ಯುದ್ಧ ಮುಗಿದ ಮೇಲೆ ಊರಿಗೆ ಬಂದಿದ್ದ. ಹಾಸಿಗೆಯ ಮಡಿಕೆ ಒಂಚೂರು ಸೊಟ್ಟಗಿದ್ದರೂ ಅವನ ಹೆಂಡತಿ ಚಿಗವ್ವ ಅದನ್ನು ಬಿಚ್ಚಿ ಮತ್ತೆ ಮಡಚಬೇಕು. ಮಾತಿಗೊಮ್ಮೆ ತನಗೆ ಕವಾಯತು ಕಲಿಸಿದ ಉಸ್ತಾದನ ಗುಣಗಾನ. "ಅವನ ಮಾರಿ ನೋಡಿದ್ರ ಕೈಕಾಲು ನಡಗ್ತಿದ್ವು. ಅದಕ್ಕ ನಾವು ಮನಶ್ಯಾರಾದ್ವಿ" ಎನ್ನುತ್ತಿದ್ದ.

ಸ್ವಾತಂತ್ರ್ಯ ಬಂದ ಮೇಲೆ ನಮ್ಮಣ್ಣ ಶಿವಪ್ಪನೂ ಸೈನ್ಯ ಸೇರಿದ. ತರಬೇತಿ ಮುಗಿಸಿ, ಗಡಿಗೆ ಹೋಗುವ ಮೊದಲು ರಜೆಗೆ ಬಂದಾಗ ಅವನ ಗಲ್ಲ ತುಂಬಿಕೊಂಡಿತ್ತು. ಅವ್ವ ದೃಷ್ಟಿ ತೆಗೆದಳು. ಕಾಕಾ ಮಾತ್ರ ಎತ್ತು ಕೊಳ್ಳಲು ಬಂದವರ ಹಾಗೆ ಅವನ ಸುತ್ತ ಒಂದು ಸುತ್ತು ಬಂದ.

"ಉಸ್ತಾದ ಹೊಡದನೇನು?"

"ಈಗ ಕೈ ಹಚ್ಚಂಗಿಲ್ಲ ಕಾಕಾ. ತಪ್ಪಿದ್ರ ಮತ್ತ ಓಡಸ್ತಾರ, ಮತ್ತ ತೋರಸ್ತಾರ."

"ತೋರಸ್ತಾರ! ಅದೇನು ಪಲ್ಟಣೋ, ನಿನ್ನ ತವರಮನಿಯೋ?"

ಅಲ್ಲಿಂದ ಶುರುವಾಯಿತು ನೋಡಿ. ಕಟ್ಟೆಯ ಮೇಲೆ, ಹೋಟೆಲಿನಲ್ಲಿ, ಕಡೆಗೆ ಗದಗಿನ ಬಸ್ಸಿನಲ್ಲಿ ಕೂಡ "ಇಂವ ತುಪ್ಪದಾಗಿನ ಸಿಪಾಯಿ" ಎಂದು ಹಂಗಿಸುತ್ತಿದ್ದ. ಅಣ್ಣನ ಊಟ ಕಡಿಮೆಯಾಯಿತು. ಒಂದು ಸಂಜೆ ಹಿತ್ತಲಲ್ಲಿ ನನ್ನನ್ನೇ ಕೇಳಿದ: "ತಂಗೀ, ಖರೇನ ನಾ ಅಲ್ಲಿ ನಿಂದರತೀನೇನು?" ನನಗೆ ಮೈಯೆಲ್ಲ ಉರಿದುಹೋಯಿತು.

"ಯಾಕ ಅವನ ಜೀಂವಾ ತಿಂತಿ ಕಾಕಾ?" ಎಂದು ಜಗಳಕ್ಕೇ ನಿಂತೆ.

"ಮೆತ್ತಗ ಕಲತವ್ರು ಮೊದಲ ಸಾಯ್ತಾರವ್ವಾ. ಅಂವ ನಮ್ಮ ಕೂಸು" ಎಂದ. ಅಲ್ಲಿಗಾದರೂ ಸುಮ್ಮನಾಗಬಾರದೆ? ಊಹೂಂ!

ಮರುದಿನ ಬೆಳಿಗ್ಗೆ ರುಬ್ಬುಗುಂಡನ್ನು ಅಣ್ಣನ ಕೈಗೆ ಕೊಟ್ಟು, ತಲೆಯ ಮೇಲೆ ಎತ್ತಿ ಹಿಡಿದು ಅಂಗಳದಲ್ಲಿ ನಿಲ್ಲಲು ಹೇಳಿದ. ಅಣ್ಣನೂ ಹಟಕ್ಕೆ ಬಿದ್ದು ನಿಂತ. ಬಿಸಿಲು ಏರಿತು. ತೋಳು ಸೋತು ಗುಂಡು ಕೆಳಗೆ ಬಿತ್ತು. ಕಾಕಾ ಅವನ ಕೆನ್ನೆಗೆ ಕೈ ಎತ್ತಿದ. ಅಲ್ಲಿಯತನಕ ಗಂಡನಿಗೆ ಎದುರಾಡಿ ಗೊತ್ತಿಲ್ಲದ ಚಿಗವ್ವ ಒಲೆಯ ಮುಂದಿನಿಂದ ಓಡಿಬಂದು, ಹಿಟ್ಟು ಮೆತ್ತಿದ ಕೈಯಲ್ಲೇ ಕಾಕಾನ ಮಣಿಕಟ್ಟು ಹಿಡಿದಳು.

"ಇವನ ಕಿವೀನೂ ಕಳೀತೀರೇನ್ರಿ? ನಿಮ್ಮ ಉಸ್ತಾದ ಹೊಡದದ್ದು ಸಾಲಲಿಲ್ಲೇನು?"

ತೋಪಲ್ಲ, ಉಸ್ತಾದನ ಕೈ! ಕವಾಯತಿನಲ್ಲಿ ಹೆಜ್ಜೆ ತಪ್ಪಿದ್ದಕ್ಕೆ ಬಿದ್ದ ಏಟು. ಕಿವುಡನ ಕೈಗೆ ಬಂದೂಕು ಕೊಡದೆ ಅಡುಗೆಮನೆಗೆ ಹಾಕಿದರಂತೆ. ಯುದ್ಧ ಮುಗಿಯುವತನಕ ರೊಟ್ಟಿ ಮಾಡಿದನಂತೆ. ಎಲ್ಲವನ್ನೂ ಚಿಗವ್ವ ಅಂಗಳದಲ್ಲೇ ಹೇಳಿ ಅತ್ತಳು. ಕಾಕಾ ಕೈ ಇಳಿಸಿದ. ನಮ್ಮತ್ತ ಎಡಗಿವಿ ತಿರುಗಿಸಿ ಕೂತುಬಿಟ್ಟ.

ಅಣ್ಣ ಗಡಿಗೆ ಹೋದ, ನೆಟ್ಟಗೆ ಮರಳಿಯೂ ಬಂದ. ಏಕೀಕರಣದ ಹೊತ್ತಿಗೆ ಅವನೇ ಹೊಸ ಹುಡುಗರಿಗೆ ಉಸ್ತಾದನಾಗಿದ್ದ. ಕನ್ನಡನಾಡು ಒಂದಾಯಿತೆಂದು ಊರಲ್ಲಿ ಪೇಢೆ ಹಂಚಿದ ದಿನ ಕಾಕಾ ಹಾಸಿಗೆ ಹಿಡಿದಿದ್ದ. ಅಣ್ಣ ಬಲಕ್ಕೆ ಕೂತ.

"ಹುಡುಗರನ್ನ ಹೊಡೀತಿಯೇನಲೇ?"

"ಇಲ್ಲ ಕಾಕಾ."

"ಹಾಳಾತು ಪಲ್ಟಣ! ನಮ್ಮ ಉಸ್ತಾದ ಇರಬೇಕಿತ್ತು."

ಅಣ್ಣ ನಕ್ಕು ಎದ್ದು ಹೋದ. ನನಗೆ ನಗು ಬರಲಿಲ್ಲ. ತನ್ನ ಕಿವಿ ಕಳೆದ ಉಸ್ತಾದನನ್ನು ಸಾಯುವಾಗಲೂ ಹೊಗಳುತ್ತಾನಲ್ಲ, ಏನು ಮನುಷ್ಯ ಇವನು! ಎಡಕ್ಕೆ ಹೋಗಿ, ಬಗ್ಗಿ, ಕೇಳದ ಆ ಕಿವಿಯಲ್ಲೇ ಹೇಳಿದೆ: "ಆ ಉಸ್ತಾದ ನಿನಗ ಅನ್ಯಾಯ ಮಾಡ್ಯಾನ ಕಾಕಾ. ಒಮ್ಮೆರ ಬಾಯಿಬಿಟ್ಟು ಹೇಳು."

"ಉಸರು ತಾಕತೈತಿ, ಮಾತು ಕೇಳವಲ್ದು. ಈ ಕಡೆ ಬಾರವ್ವಾ" ಎಂದ.

ಬಲಕ್ಕೆ ಹೋದೆ. ನನ್ನ ಮುಖವನ್ನೇ ನೋಡುತ್ತ ಕಾಯುತ್ತಿದ್ದ.

"ಚಾ ಮಾಡ್ಲೇನು ಕಾಕಾ?" ಎಂದೆ, ಅಷ್ಟೇ. ಆ ವಾರವೇ ಹೋಗಿಬಿಟ್ಟ.